ಲೆಕ್ಕಕ್ಕೆ ಸೇರದ ಟಗರು

ಎಳ್ಳುಕೊಪ್ಪಲಿನಲ್ಲಿ ಯಾರಿಗೂ ಹೆದರದೆ, ಯಾರ ಮಾತೂ ಕೇಳದೆ, ಮೂರು ಹೊತ್ತೂ ಪುಕ್ಕಟೆ ತಿಂದು ಮೆರೆಯುತ್ತಿದ್ದ ಜೀವ ಒಂದೇ ಒಂದು. ಅದು ಭಾಗ್ಯಮ್ಮ ಮಾರಮ್ಮನಿಗೆ ಬಿಟ್ಟ ಟಗರು. ಎಡಗಿವಿ ಸೀಳಿ, ಹಣೆಗೆ ಅರಿಶಿನ ಬಳಿದು, ಗುಡಿಯ ಮುಂದೆ ಹಗ್ಗ ಬಿಚ್ಚಿ ಕಳಿಸಿದ ಮೇಲೆ ಅದನ್ನು ಕಟ್ಟುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಬಾಗಿಲಿಗೆ ಬಂದರೆ ಅಟ್ಟುವ ಹಾಗಿಲ್ಲ. ಅಂಗಳದಲ್ಲಿ ಒಣಹಾಕಿದ ಹುರುಳಿಗೆ ಬಾಯಿ ಹಾಕಿದರೂ ಹೆಂಗಸರು ‘ತಿನ್ನಪ್ಪ, ತಿನ್ನು’ ಎಂದು ಕೈಮುಗಿದು, ಅದು ಅತ್ತ ಹೋದ ಮೇಲೆ ಒಳಗೊಳಗೇ ಶಾಪ ಹಾಕುತ್ತಿದ್ದರು. ಅದು ಯಾರ ಕುರಿದೊಡ್ಡಿಯಲ್ಲಿ ಮಲಗುತ್ತದೋ ಅವರ ಮನೆಗೆ ಅಮ್ಮನೇ ಬಂದ ಹಾಗೆ ಎಂಬ ನಂಬಿಕೆ ಬೇರೆ. ಹೀಗಾಗಿ ಊರಿನ ಹದಿನಾಲ್ಕು ದೊಡ್ಡಿಗಳೂ ಅದಕ್ಕೆ ಸ್ವಂತ ಮನೆಯೇ ಆಗಿದ್ದವು. ಇವತ್ತು ಒಂದರಲ್ಲಿ, ನಾಳೆ ಇನ್ನೊಂದರಲ್ಲಿ.

ಟಗರು ಬಿಟ್ಟದ್ದು ಸುಮ್ಮನೆ ಅಲ್ಲ. ಮೂರು ವರ್ಷದ ಹಿಂದಿನ ಆಷಾಢದಲ್ಲಿ ಲಕ್ಷ್ಮಣತೀರ್ಥ ತುಂಬಿ ಹರಿದು ಬಸ್ಸು ನಿಂತುಹೋಗಿತ್ತು. ಭಾಗ್ಯಮ್ಮನ ಒಬ್ಬಳೇ ಮಗಳು ಅನು, ಆಗ ನಾಲ್ಕು ವರ್ಷದ ಕೂಸು, ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು. ಗಂಡ ಸ್ವಾಮಿ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕುವ ಕೆಲಸಕ್ಕೆ ಹೋಗಿದ್ದ. ಪಕ್ಕದ ಮನೆಯ ಮಂಟಯ್ಯ, ನಲವತ್ತು ಕುರಿ ಬಿಟ್ಟರೆ ಹಿಂದಿಲ್ಲ ಮುಂದಿಲ್ಲದ ಮುದುಕ, ಕೂಸನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹನಗೋಡಿನವರೆಗೂ ಕೆಸರಿನಲ್ಲಿ ನಡೆದ. ಅಲ್ಲಿಂದ ಯಾವುದೋ ಲಾರಿ ಹಿಡಿದು ಹುಣಸೂರಿನ ಆಸ್ಪತ್ರೆಗೆ ಮುಟ್ಟಿಸಿದ. ಹಿಂದೆ ಓಡುತ್ತಿದ್ದ ಭಾಗ್ಯಮ್ಮ ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಂಡಳು: “ಕೂಸ ಉಳಸ್ಕೊಡು ತಾಯಿ. ನಿನ್ ಎಸ್ರಲ್ಲಿ ಟಗರು ಬುಡ್ತೀನಿ. ಒಂದ್ ಊನ ಇಲ್ದಂಗೆ ನಿನ್ ಮುಂದೆ ತಂದು ನಿಲ್ಲುಸ್ತೀನಿ.” ಕೂಸು ಉಳಿಯಿತು. ಡಾಕ್ಟರ ಸೂಜಿಯೂ ಇತ್ತು, ಮಂಟಯ್ಯನ ಹೆಗಲೂ ಇತ್ತು. ಆದರೆ ಭಾಗ್ಯಮ್ಮ ಹೆದರಿದ್ದು ಮಾರಮ್ಮನಿಗೆ, ಹಾಗಾಗಿ ಕೊಟ್ಟ ಮಾತು ಉಳಿದದ್ದೂ ಮಾರಮ್ಮನ ಹತ್ತಿರವೇ.

ಐದು ವರ್ಷಕ್ಕೊಮ್ಮೆ ನಡೆಯುವ ಮಾರಿಹಬ್ಬ ಇನ್ನು ಬರುವ ಯುಗಾದಿ ಕಳೆದ ಮೇಲೆ. ಅಲ್ಲಿಯವರೆಗೆ ಟಗರು ತಿಂದುಂಡು ಇರಬೇಕು, ಅಷ್ಟೇ. ತೊಂಬತ್ತೊಂಬತ್ತನೆಯ ಇಸವಿಯ ದೀಪಾವಳಿ ಕಳೆದು ಹೊಲಗಳು ಖಾಲಿಯಾಗುತ್ತಿದ್ದಂತೆ ಬಯಲುಸೀಮೆಯ ಕಡೆಯಿಂದ ಇನ್ನೂರು ಕುರಿಗಳ ಮಂದೆಯೊಂದು ಬಂದು ಗೊಬ್ಬರಕ್ಕೆಂದು ಕಂಠಪ್ಪನವರ ಹೊಲದಲ್ಲಿ ಬೀಡುಬಿಟ್ಟಿತು. ಇನ್ನೂರು ಹೆಣ್ಣುಕುರಿಗಳ ವಾಸನೆ ಬಿದ್ದರೆ ದೇವರ ಟಗರಾದರೇನು, ಸುಮ್ಮನಿದ್ದೀತೆ? ಮೂರು ದಿನ ಅಲ್ಲೇ ಠಿಕಾಣಿ ಹೂಡಿತು. ಮಂದೆ ಎದ್ದು ಎಚ್.ಡಿ. ಕೋಟೆ ಕಡೆ ಹೋದ ಮೇಲೆ ದೊಡ್ಡ ಸಾಹಸ ಮಾಡಿ ಬಂದವನ ಹಾಗೆ ಊರೊಳಗೆ ಕಾಲಿಟ್ಟಿತು. ಗಂಡಸರು ನೋಡಿ ನಕ್ಕರು.

ಅದಾಗಿ ಹತ್ತು ದಿನಕ್ಕೆ ಒಂದು ಬೆಳಗ್ಗೆ ಟಗರು ಭಾಗ್ಯಮ್ಮನ ಅಂಗಳಕ್ಕೆ ಬಂತು. ಅವಳು ಬೂಸಾ ಕಲಸಿ ಇಟ್ಟರೆ ಮೂಸಿ ಬಿಟ್ಟಿತು. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ. ಅವಳು ಕಿವಿ ಮುಟ್ಟಿ ನೋಡಿದಳು, ಸುಡುತ್ತಿತ್ತು. ಬಾಲ ಎತ್ತಿದಳು. ಬಾಲದ ಬುಡದಲ್ಲಿ, ತೊಡೆಸಂದಿಯ ಬೋಳು ಚರ್ಮದಲ್ಲಿ ಕಡಲೆಕಾಳಿನಷ್ಟು ಗಾತ್ರದ ಕೆಂಪು ಗಂಟುಗಳು ಎದ್ದಿದ್ದವು.

ಅವಳು ಬಾಲ ಬಿಟ್ಟು ಸುತ್ತಲೂ ನೋಡಿದಳು. ಈ ಗಂಟು ಏನೆಂದು ಊರಲ್ಲಿ ಬೇರೆ ಯಾರಿಗೆ ಗೊತ್ತಿರದಿದ್ದರೂ ಅವಳಿಗೆ ಗೊತ್ತು. ಅವಳ ತವರು ಕೆ.ಆರ್. ನಗರದ ಹೊಸ ಅಗ್ರಹಾರದ ಹತ್ತಿರ. ಅವಳು ಹತ್ತು ವರ್ಷದವಳಿದ್ದಾಗ ಅಪ್ಪ ಸಂತೆಯಿಂದ ಒಂದು ಕುರಿ ತಂದು ದೊಡ್ಡಿಗೆ ಬಿಟ್ಟಿದ್ದ. ಆ ಒಂದರಿಂದ ಎಂಟಕ್ಕೆ, ಎಂಟರಿಂದ ಎಲ್ಲಕ್ಕೂ ಸಿಡುಬು ಹಬ್ಬಿತು. ಮೊದಲು ಮರಿಗಳು, ಆಮೇಲೆ ಗಬ್ಬದ ಕುರಿಗಳು. ಅರವತ್ತರಲ್ಲಿ ಒಂಬತ್ತು ಉಳಿದವು. ಅಪ್ಪ ಸತ್ತ ಮರಿಗಳನ್ನು ಮಂಕರಿಯಲ್ಲಿ ತುಂಬಿ ಹೊತ್ತು ಹಾಕುತ್ತಿದ್ದದ್ದು ಅವಳ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿತ್ತು. ಒಟ್ಟಿಗೆ ಮೇದರೆ ಬರುತ್ತದೆ, ಒಂದೇ ತೊಟ್ಟಿಯಲ್ಲಿ ಕುಡಿದರೆ ಬರುತ್ತದೆ, ಉದುರಿದ ಹಕ್ಕಳೆಯನ್ನು ಕಾಲಲ್ಲಿ ತುಳಿದುಕೊಂಡು ಹೋದರೂ ಬರುತ್ತದೆ ಎಂದು ಅಪ್ಪ ಎಲ್ಲ ಮುಗಿದ ಮೇಲೆ ಹೇಳಿದ್ದ.

ಹಾಗಾದರೆ ಮಾಡಬೇಕಾದ್ದು ಸುಲಭ. ಟಗರನ್ನು ಹಿಡಿದು ದೂರ ಕಟ್ಟಬೇಕು. ಆದರೆ ದೇವರ ಟಗರಿಗೆ ಹಗ್ಗ ಹಾಕಿದರೆ ಊರೇ ಬಂದು ಯಾಕೆ ಎಂದು ಕೇಳುತ್ತದೆ. ಯಾಕೆ ಎಂದರೆ ಬಾಲ ಎತ್ತಿ ತೋರಿಸಬೇಕು. ತೋರಿಸಿದರೆ ಪೂಜಾರಿ ಸಿದ್ದಯ್ಯ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಕಿವಿ ಸೀಳುವ ದಿನವೇ ಅವನು ಹೇಳಿದ್ದ: “ನೋಡ್ಕೊ ಭಾಗ್ಯ, ಒಂದ್ಸಲ ಕಿವಿ ಸೀಳುದ್ಮೇಲೆ ಇದೇ. ಬದ್ಲಿ ಕೊಡಂಗಿಲ್ಲ. ಮೈ ಮ್ಯಾಲೆ ಊನ ಬಂದ್ರೆ ಅಮ್ಮ ಮುಟ್ಟಲ್ಲ. ಮುಟ್ನಿಲ್ಲ ಅಂದ್ರೆ ಕೊಟ್ಟಿದ್ದ ವಾಪಸ್ ತಕ್ಕತಾಳೆ.” ಕೊಟ್ಟಿದ್ದು ಎಂದರೆ ಅನು. ಆ ಹೊತ್ತಿಗೆ ಅನು ಜಗಲಿಯ ಮೇಲೆ ಕುಳಿತು ಸ್ಲೇಟಿನಲ್ಲಿ ಮಗ್ಗಿ ಬರೆಯುತ್ತಿದ್ದಳು. ಭಾಗ್ಯಮ್ಮ ಒಳಗೆ ಹೋಗಿ ಅರಿಶಿನ, ಬೇವಿನಸೊಪ್ಪು ಅರೆದು ತಂದು ಟಗರಿನ ಮೂತಿಗೂ ತೊಡೆಸಂದಿಗೂ ದಪ್ಪನಾಗಿ ಮೆತ್ತಿದಳು. ಹರಕೆ ಹೊತ್ತವಳು ದೇವರ ಟಗರಿಗೆ ಅರಿಶಿನ ಹಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ನಾಲ್ಕು ದಿನದಲ್ಲಿ ವಾಸಿಯಾದೀತು ಎಂದು ತನಗೆ ತಾನೇ ಹೇಳಿಕೊಂಡು ಬಿಟ್ಟುಬಿಟ್ಟಳು. ಅದು ನೇರವಾಗಿ ಸಣ್ಣಯ್ಯನ ದೊಡ್ಡಿಗೆ ಹೋಗಿ ಮರಿಗಳ ನಡುವೆ ಮಲಗಿತು.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಸಣ್ಣಯ್ಯನ ಎರಡು ಮರಿ ಹಾಲು ಬಿಟ್ಟವು. ಹತ್ತನೆಯ ದಿನ ಅವುಗಳ ತುಟಿ ಊದಿತು, ಹನ್ನೆರಡನೆಯ ದಿನ ಸತ್ತವು. ಆಮೇಲೆ ಎಣಿಸುವುದಕ್ಕೆ ಪುರಸೊತ್ತೇ ಇರಲಿಲ್ಲ. ಟಗರು ಮಲಗಿದ್ದ ಒಂದೊಂದು ದೊಡ್ಡಿಯಲ್ಲೂ ಅದೇ ಕೆಮ್ಮು, ಅದೇ ಗಂಟು, ಅದೇ ಸೋರುವ ಮೂಗು. ಕೆಚ್ಚಲ ತುಂಬ ಹುಣ್ಣಾಗಿ ತಾಯಿಕುರಿಗಳು ಮರಿಗಳನ್ನು ಒದ್ದು ದೂಡುತ್ತಿದ್ದವು. ಗಬ್ಬದವು ಕಂದು ಹಾಕಿದವು. ಭಾಗ್ಯಮ್ಮನ ಆರು ಕುರಿಗಳಲ್ಲಿ ಎರಡು ಮರಿ ಹೋದವು. ಅವನ್ನು ಹೂಳುವಾಗ ಅವಳಿಗೆ ಅಳುವಿನ ಜೊತೆ ಸಣ್ಣದೊಂದು ಸಮಾಧಾನವೂ ಆಯಿತು, ತಾನೂ ಕಳೆದುಕೊಂಡೆನಲ್ಲ ಎಂದು. ಆ ಸಮಾಧಾನ ಅವಳಿಗೇ ಅಸಹ್ಯವೆನಿಸಿತು.

ಊರ ಯಜಮಾನ ಚಾಮಯ್ಯ ಪಶು ಡಾಕ್ಟರನ್ನು ಕರೆಸಿದ. ಡಾಕ್ಟರ್ ಶಿವಶಂಕರ ಮೋಟಾರ್ ಬೈಕಿನಲ್ಲಿ ಬಂದ, ನಾಲ್ಕು ದೊಡ್ಡಿ ನೋಡಿದ, ಗುಡಿಯ ಮುಂದೆ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ: “ಇದು ಕುರಿ ಸಿಡುಬು. ಬಂದಿರೋದಕ್ಕೆ ಔಷಧಿ ಇಲ್ಲ, ಬರದೇ ಇರೋದಕ್ಕೆ ಲಸಿಕೆ ಇದೆ. ಮೈಸೂರಿಂದ ತರಿಸಬೇಕು, ಒಂದು ವಾರ ಆಗುತ್ತೆ. ಅಲ್ಲೀತನಕ ಒಂದು ದೊಡ್ಡಿ ಕುರಿ ಇನ್ನೊಂದು ದೊಡ್ಡಿಗೆ ಸೇರಬಾರದು. ನೀವೂ ಅಷ್ಟೇ, ಅಲ್ಲಿ ತುಳಿದ ಕಾಲಲ್ಲಿ ಇಲ್ಲಿಗೆ ಬರಬೇಡಿ. ಈಗ ಸರಿಯಾಗಿ ಹೇಳಿ, ಹೊರಗಡೆಯಿಂದ ಯಾವುದಾದರೂ ಕುರಿ ತಂದ್ರಾ? ದೊಡ್ಡಿಯಿಂದ ದೊಡ್ಡಿಗೆ ಓಡಾಡೋ ಕುರಿ ಯಾವುದಾದರೂ ಇದೆಯಾ?”

“ಇಲ್ಲ ಸಾರ್,” ಎಂದ ಚಾಮಯ್ಯ.

“ಒಂದೂ ಇಲ್ಲ ಕಣ್ರೀ,” ಎಂದ ಸಣ್ಣಯ್ಯ.

ಯಾರೂ ಸುಳ್ಳು ಹೇಳಲಿಲ್ಲ. ಕಂಠಪ್ಪನವರ ಹೊಲದ ಮಂದೆಯನ್ನು ಯಾರೂ ಊರೊಳಗೆ ತಂದಿರಲಿಲ್ಲ, ಅದು ಬಂದು ಹೋಗಿತ್ತು. ಡಾಕ್ಟರ್ ಕೇಳಿದ್ದು ಕುರಿಯ ಸುದ್ದಿ. ಮಾರಮ್ಮನ ಟಗರು ಕುರಿಯ ಲೆಕ್ಕಕ್ಕೆ ಸೇರುತ್ತದೆಂದು ಆ ಗುಂಪಿನಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಅದು ಇಪ್ಪತ್ತು ಮಾರು ದೂರದಲ್ಲಿ ಗುಡಿಯ ಗೋಡೆಗೆ ಮೈ ಉಜ್ಜುತ್ತಾ ನಿಂತಿತ್ತು. ಡಾಕ್ಟರನ ಕಣ್ಣಿಗೂ ಬಿತ್ತು, ಅರಿಶಿನ ನೋಡಿ ದೇವರದ್ದೆಂದು ಬಿಟ್ಟನೋ ಏನೋ. ಭಾಗ್ಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಾ ನೆಲ ನೋಡುತ್ತಿದ್ದಳು.

ಮನೆಗೆ ತಿರುಗುವಾಗ ಮಂಟಯ್ಯ ಅವಳ ಜೊತೆಗೆ ಹೆಜ್ಜೆ ಹಾಕಿದ. ಅವನ ದೊಡ್ಡಿ ಊರಾಚೆ, ಕೆರೆ ಏರಿಯ ಪಕ್ಕ. ಗಂಟು ಎದ್ದ ಮೇಲೆ ಟಗರು ಅಷ್ಟು ದೂರ ಇನ್ನೂ ಹೋಗಿರಲಿಲ್ಲವಾಗಿ ಅವನ ನಲವತ್ತೂ ನೆಟ್ಟಗಿದ್ದವು.

“ಭಾಗ್ಯ, ಡಾಕ್ಟ್ರು ಕೇಳ್ದಾಗ ನಂಗೆ ನಿನ್ ಟಗರು ಗ್ಯಾನಕ್ ಬತ್ತು ಕಣವ್ವ,” ಎಂದ ಮುದುಕ ತಗ್ಗಿದ ದನಿಯಲ್ಲಿ. “ಎಲ್ರ ಮುಂದೆ ಬಾಯ್ ಬುಡಕ್ಕಾಗ್ನಿಲ್ಲ. ದ್ಯಾವ್ರದ್ದಾದ್ರೂ ಅದ್ಕೂ ನಾಕ್ ಕಾಲೈತಲ್ಲ. ಎಲ್ಲಾ ದೊಡ್ಡಿ ತಿರುಗ್ತದೆ. ನಿಜ ಯೋಳು, ಅದು ಸಂದಾಗೈತಾ?”

ಅವಳು ಹೆಜ್ಜೆ ನಿಧಾನ ಮಾಡಿದಳು. ಇವನಿಗಾದರೂ ಹೇಳಿಬಿಡಬೇಕು ಎನಿಸಿತು. ಇವನು ಕೂಸನ್ನು ಹೊತ್ತವನು. ಆದರೆ ಇವನಿಗೆ ಹೇಳಿದರೆ ಇವನು ಸುಮ್ಮನಿರುವವನಲ್ಲ, ಟಗರನ್ನು ಹಿಡಿದು ಕಟ್ಟುತ್ತಾನೆ, ಯಾಕೆ ಎಂದು ಕೇಳಿದವರಿಗೆಲ್ಲ ಹೇಳುತ್ತಾನೆ. ಆಮೇಲೆ ಅನುವಿನ ಗತಿ?

“ಸಂದಾಗೈತೆ ಮಾವ,” ಎಂದಳು. “ಬೆಳಗ್ಗೆ ನಾನೇ ಬೂಸಾ ತಿನ್ಸುದ್ನಲ್ಲ.”

“ಅಂಗಾದ್ರೆ ಸರಿ ಬುಡು. ನೀನು ಯೋಳುದ್ಮೇಲೆ ಇನ್ನೇನೈತೆ.”

ಆದರೂ ಮಂಟಯ್ಯ ಕುರುಡುನಂಬಿಕೆಯ ಆಸಾಮಿಯಲ್ಲ. ಆವತ್ತೇ ಸಂಜೆಯೊಳಗೆ ದೊಡ್ಡಿಯ ಸುತ್ತ ಎದೆಯುದ್ದ ಮುಳ್ಳುಬೇಲಿ ಹಾಕಿದ. ಮೇಯಿಸಲು ಹೊರಗೆ ಬಿಡದೆ ಕೆರೆಯಂಗಳದ ಹುಲ್ಲು ಕೊಯ್ದು ತಂದು ಹಾಕಿದ. ತಾನೂ ಊರೊಳಕ್ಕೆ ಬರುವುದು ಬಿಟ್ಟು ಅಲ್ಲೇ ಗುಡಿಸಲಲ್ಲಿ ಮುದ್ದೆ ಬೇಯಿಸಿಕೊಂಡ. ಮೂರನೆಯ ದಿನ ಟಗರು ಅಲ್ಲಿಗೂ ಹೋಯಿತು. ಬೇಲಿಯ ಹೊರಗೆ ನಿಂತು ಕೂಗಿತು. ಮಂಟಯ್ಯ ದೊಣ್ಣೆ ತೆಗೆದು ಅಟ್ಟಿದ. ಅದನ್ನು ನೋಡಿದ ಸಣ್ಣಯ್ಯ ಊರೆಲ್ಲ ಸಾರಿದ: “ದ್ಯಾವ್ರ ಟಗರ್ಗೆ ದೊಣ್ಣೆ ಎತ್ತವ್ನೆ ಕಣ್ಲಾ ಮುದ್ಕ. ಇವ್ನಿಗೆ ಐತೆ.” ಊರಿನ ಮುಕ್ಕಾಲು ಕುರಿ ನೆಲ ಕಚ್ಚಿರುವಾಗ ಒಬ್ಬನ ಕುರಿ ಮಾತ್ರ ನೆಟ್ಟಗಿರುವುದನ್ನು ಸಹಿಸುವುದು ಯಾರಿಗಾದರೂ ಕಷ್ಟವೇ.

ಲಸಿಕೆ ಬರುವುದಕ್ಕೆ ಮೊದಲೇ ಊರು ತನ್ನ ತೀರ್ಮಾನಕ್ಕೆ ಬಂತು. ಅಮ್ಮ ಎದ್ದಿದ್ದಾಳೆ. ಹಬ್ಬದ ತನಕ ಕಾಯುವ ಹಾಗಿಲ್ಲ, ಬರುವ ಮಂಗಳವಾರವೇ ಹರಕೆಯ ಟಗರು ಒಪ್ಪಿಸಿ, ಅದರ ರಕ್ತ ಕಲಸಿದ ಬಲಿಯನ್ನವನ್ನು ಒಂದೊಂದು ದೊಡ್ಡಿಗೂ ಚೆಲ್ಲಬೇಕು. ಚೆಲ್ಲುವುದು ಹರಕೆ ಹೊತ್ತವಳ ಕೈಯಿಂದ. ಈ ಮಾತು ಕಿವಿಗೆ ಬಿದ್ದಾಗ ಭಾಗ್ಯಮ್ಮನಿಗೆ ಮೊದಲು ಆದದ್ದು ಸಂತೋಷ. ಟಗರು ತಾನಾಗಿ ಸತ್ತು ಬಿದ್ದರೆ ಹರಕೆ ಕೆಡುತ್ತಿತ್ತು. ಅದರ ಉಸಿರು ಆಗಲೇ ಗೊರಗೊರ ಅನ್ನುತ್ತಿತ್ತು, ಇನ್ನೊಂದು ವಾರ ಉಳಿಯುವುದೂ ಅನುಮಾನವಿತ್ತು. ಚೆಲ್ಲಬೇಕಾದ ದೊಡ್ಡಿಗಳಲ್ಲಿ ಮಂಟಯ್ಯನದೂ ಒಂದು ಎಂಬುದು ಆಮೇಲೆ ತಲೆಗೆ ಇಳಿಯಿತು. ಆದರೂ ಅವಳು ಬೇಡ ಎನ್ನಲಿಲ್ಲ.

ಗಂಡ ಸ್ವಾಮಿ ಬ್ಯಾರನ್ನಿನ ಕೆಲಸ ಮುಗಿಸಿ ಬಂದಿದ್ದ. ಮಂಗಳವಾರ ಬೆಳಗ್ಗೆ ಹಿತ್ತಲಲ್ಲಿ ಟಗರಿಗೆ ಸ್ನಾನ ಮಾಡಿಸುವಾಗ ಅವನ ಕೈಗೆ ಹಕ್ಕಳೆ ಸಿಕ್ಕಿತು. ಅವನು ಕೈ ನೋಡಿಕೊಂಡ, ಹೆಂಡತಿಯ ಮುಖ ನೋಡಿದ.

“ಏನೇ ಇದು?”

“ಉಣ್ಣೆ ಉಳ ಕಚ್ಚಿರೋದು. ಸುಮ್ಕೆ ನೀರ್ ಉಯ್ಯಿ.”

“ಭಾಗ್ಯ...”

“ನಿನ್ ಮಗ್ಳು ಬೇಕೋ ಬ್ಯಾಡ್ವೋ?” ಎಂದಳು. ಸ್ವಾಮಿ ಕೈ ತೊಳೆದುಕೊಂಡು ಮತ್ತೆ ನೀರು ಹುಯ್ದ. ಅವಳು ಒಂದು ಬೋಗುಣಿ ಅರಿಶಿನವನ್ನು ಅದರ ಮೈಯೆಲ್ಲ ಬಳಿದಳು. ಮೂತಿಯ ಹುಣ್ಣು ಕಾಣದ ಹಾಗೆ ಕೊಂಬಿನಿಂದ ಚೆಂಡುಹೂವಿನ ಸರ ಇಳಿಬಿಟ್ಟಳು.

ಗುಡಿಯ ಮುಂದೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ತಲೆಯ ಮೇಲೆ ತೀರ್ಥ ಚಿಮುಕಿಸಿದಾಗ ಟಗರು ಮೈ ಜಾಡಿಸಬೇಕು. ಜಾಡಿಸಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಒಮ್ಮೊಮ್ಮೆ ಒಂದು ಗಂಟೆ ನಿಂತರೂ ಜಾಡಿಸದ ಟಗರುಗಳಿರುತ್ತವೆ, ಆಗ ಹರಕೆಯವರು ಅಡ್ಡಬಿದ್ದು ಕಾಡಿ ಬೇಡಬೇಕು. ಇದಕ್ಕೆ ಸಿದ್ದಯ್ಯ ಮೊದಲ ಚಿಮುಕು ಹಾಕುತ್ತಿದ್ದಂತೆಯೇ ಕಿವಿಯಿಂದ ಬಾಲದವರೆಗೆ ಗಡಗಡನೆ ನಡುಗಿತು. ಎರಡನೆಯ ಚಿಮುಕಿಗೆ ಮತ್ತೂ ನಡುಗಿತು. ಜ್ವರದ ಮೈಗೆ ತಣ್ಣೀರು ಬಿದ್ದರೆ ನಡುಗದೆ ಇನ್ನೇನು? ಆದರೆ ಜನ ಹೋ ಎಂದರು. ಚಾಮಯ್ಯನ ಕಣ್ಣಲ್ಲಿ ನೀರು ಬಂತು. “ನೋಡ್ದಾ ಭಾಗ್ಯ, ಎಂಗೆ ಒಪ್ಕಂಡ್ಳು ತಾಯಿ. ನಿನ್ ಕೂಸು ನೂರ್ ವರ್ಸ ಬಾಳ್ತದೆ,” ಎಂದ ಸಿದ್ದಯ್ಯ. ಭಾಗ್ಯಮ್ಮ ಅನುವನ್ನು ಎದೆಗೆ ಒತ್ತಿಕೊಂಡು ಗಳಗಳನೆ ಅತ್ತಳು. ಆ ಒಂದು ಗಳಿಗೆ ಅವಳೂ ನಂಬಿದಳು. ಕತ್ತಿ ಇಳಿಯಿತು.

ಬಲಿಯನ್ನದ ಮಂಕರಿ ಸೊಂಟಕ್ಕಿಟ್ಟು ಭಾಗ್ಯಮ್ಮ ಹೊರಟಳು. ಪಕ್ಕದಲ್ಲಿ ಬೇವಿನಸೊಪ್ಪು ಹಿಡಿದ ಅನು, ಹಿಂದೆ ತಮಟೆ, ಅದರ ಹಿಂದೆ ಊರು. ಒಂದೊಂದು ದೊಡ್ಡಿಯಲ್ಲೂ ಮಂಕರಿಯನ್ನು ನೆಲಕ್ಕಿಟ್ಟು, ಮೂಲೆ ಮೂಲೆಗೂ ನಡೆದು ಒಂದೊಂದು ಹಿಡಿ ಚೆಲ್ಲಬೇಕು. ಸಣ್ಣಯ್ಯನ ದೊಡ್ಡಿಯ ಹಸಿ ಹಿಕ್ಕೆಯಲ್ಲಿ ಅವಳ ಬರಿಗಾಲು ಹೂತವು. ಸತ್ತ ಮರಿಯೊಂದನ್ನು ಇನ್ನೂ ಎತ್ತಿರಲಿಲ್ಲ. ಹೀಗೆ ಹದಿಮೂರು ದೊಡ್ಡಿ ಆದವು. ಅವಳ ಸೀರೆಯ ಅಂಚು ಕೀವು, ಕೆಸರು, ಉಣ್ಣೆಯ ಎಳೆಗಳಿಂದ ಗಟ್ಟಿಯಾಗಿತ್ತು. ಉಳಿದದ್ದು ಕೆರೆ ಏರಿಯ ಪಕ್ಕದ್ದು.

ದಾರಿಯಲ್ಲಿ ಅವಳು ಒಂದೇ ಹರಕೆ ಹೊತ್ತಳು, ಅದೂ ಯಾವ ದೇವರಿಗೂ ಅಲ್ಲ: ಮುದುಕ ಬೇಲಿ ತೆಗೆಯದಿರಲಿ. ಡಾಕ್ಟರ್ ಹೇಳಿದ್ದನ್ನೇ ಹಿಡಿದು ಹಟ ಮಾಡಲಿ, ಬೈದು ಕಳಿಸಲಿ. ದೊಣ್ಣೆಯನ್ನೇ ತೆಗೆಯಲಿ.

ಮಂಟಯ್ಯ ಬೇಲಿಯ ಒಳಗೆ ದೊಣ್ಣೆ ಹಿಡಿದೇ ನಿಂತಿದ್ದ. ತಮಟೆಯವರನ್ನು ದೂರದಲ್ಲೇ ತಡೆದ. “ಯಾರೂ ಬರ್ಬ್ಯಾಡಿ. ನಾಕ್ ದಿನಕ್ಕೆ ಸೂಜಿ ಬತ್ತದೆ, ಅಲ್ಲೀಗಂಟ ಯಾರ್ನೂ ಬುಡಲ್ಲ.” ಆಮೇಲೆ ಮಂಕರಿ ಹೊತ್ತವಳನ್ನು, ಅವಳ ಸೆರಗು ಹಿಡಿದ ಕೂಸನ್ನು ನೋಡಿದ. ಮುಖ ಸಡಿಲವಾಯಿತು.

“ಟಗರು ಮೊದಲ್ನೇ ನೀರ್ಗೇ ಜಾಡಿಸ್ತಂತೆ?”

“ಹೂಂ ಮಾವ.”

“ಊನ ಏನೂ ಇರ್ನಿಲ್ವಲ್ಲ?”

ಬೇಲಿಯ ಆಚೆ ನಲವತ್ತು ಕುರಿಗಳು ಮೆಲುಕು ಹಾಕುತ್ತಿದ್ದವು. ಮೂಲೆಯಲ್ಲಿ ಹೊಸದಾಗಿ ಈದ ಮರಿಗಳು ಒಂದರ ಮೇಲೊಂದು ನೆಗೆಯುತ್ತಿದ್ದವು. ಊರಿನಲ್ಲಿ ಮರಿ ನೆಗೆಯುವುದನ್ನು ಭಾಗ್ಯಮ್ಮ ನೋಡಿ ತಿಂಗಳಾಗಿತ್ತು. ಹಿಂದೆ ಸಿದ್ದಯ್ಯನಿದ್ದ, ಚಾಮಯ್ಯನಿದ್ದ, ಊರಿತ್ತು. ಊನವಿತ್ತು ಎಂದು ಈಗ ಬಾಯಿ ಬಿಟ್ಟರೆ ಒಪ್ಪಿಸಿದ್ದು ಒಪ್ಪಿಸಿದಂತಾಗುವುದಿಲ್ಲ. ಅನುವಿನ ಕೈ ಅವಳ ಸೊಂಟದ ಹತ್ತಿರ ಬೆಚ್ಚಗಿತ್ತು. ಬಿಸಿಲಿಗೆ ಬೆಚ್ಚಗಾಗಿದೆಯೋ, ಜ್ವರವೋ ಅವಳಿಗೆ ತಿಳಿಯಲಿಲ್ಲ.

“ಇರ್ನಿಲ್ಲ ಮಾವ,” ಎಂದಳು.

ಮಂಟಯ್ಯ ದೊಣ್ಣೆ ಎಸೆದು ತಾನೇ ಮುಳ್ಳು ಸರಿಸಿದ. “ಬೇರೆ ಯಾರ್ ಬಂದಿದ್ರೂ ಬುಡ್ತಿರ್ನಿಲ್ಲ ಕಣವ್ವ. ನಿನ್ ಕೈಯಾಗಿನ್ದು ಅಂತ ಬುಡ್ತಿವ್ನಿ,” ಎಂದು ಕೈಮುಗಿದು ಪಕ್ಕಕ್ಕೆ ನಿಂತ. ಅವಳು ಒಳಗೆ ಹೋದಳು. ಮಂಕರಿಯನ್ನು ನೆಲಕ್ಕಿಟ್ಟಳು. ಕುರಿಗಳು ಬಂದು ಮಂಕರಿಯನ್ನು ಮೂಸಿದವು, ಅವಳ ಸೀರೆ ಮೂಸಿದವು. ಮೂರು ಮೂಲೆಗೆ ಚೆಲ್ಲಿ ತಿರುಗಿದಾಗ ಮುದುಕ ಕೂಗಿದ: “ಆ ಮರಿಗಳ ಮೂಲೆ ಮರ್ತ್ಯಲ್ಲವ್ವ. ಅಲ್ಗೂ ಒಂದ್ ಇಡಿ ಆಕು.” ಅವಳು ಅಲ್ಲಿಗೂ ನಡೆದು ಒಂದು ಹಿಡಿ ಹಾಕಿದಳು.

ನಾಲ್ಕು ದಿನಕ್ಕೆ ಲಸಿಕೆ ಬಂತು. ಡಾಕ್ಟರ್ ಶಿವಶಂಕರ ಮಂಟಯ್ಯನ ದೊಡ್ಡಿಗೆ ಹೋಗಿ ಎಲ್ಲಕ್ಕೂ ಚುಚ್ಚಿ, “ನೀವೊಬ್ಬರೇ ನೋಡಿ ನನ್ನ ಮಾತು ಕೇಳಿದ್ದು” ಎಂದು ಬೆನ್ನು ತಟ್ಟಿ ಹೋದ. ಒಳಗೆ ಹೊಕ್ಕದ್ದು ಆಗಲೇ ಹೊಕ್ಕಾಗಿತ್ತು. ಭಾಗ್ಯಮ್ಮ ಮನೆಯಲ್ಲಿ ಕುಳಿತು ದಿನ ಎಣಿಸಿದಳು. ಅನು ಚೆನ್ನಾಗಿದ್ದಳು, ಶಾಲೆಗೆ ಹೋಗಿ ಬರುತ್ತಿದ್ದಳು, ಎರಡು ಹೊತ್ತು ಹೆಚ್ಚಿಗೆಯೇ ಉಣ್ಣುತ್ತಿದ್ದಳು. ಮಗಳು ಉಣ್ಣುವುದನ್ನು ನೋಡುವಾಗ ಭಾಗ್ಯಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ.

ಬಲಿ ಚೆಲ್ಲಿದ ಹದಿನೈದನೆಯ ದಿನ ಬೆಳಗ್ಗೆ ಮಂಟಯ್ಯ ಬಂದು ಜಗಲಿಯ ಮೇಲೆ ಕುಳಿತ. ಹೆಗಲ ಮೇಲೆ ಕಂಬಳಿ ಇರಲಿಲ್ಲ. ಮರಿಗಳನ್ನು ಸುತ್ತಿ ಹೂಳಿದ್ದನಂತೆ.

“ಮರಿ ಒಂದೂ ಉಳೀನಿಲ್ಲ ಭಾಗ್ಯ. ದೊಡ್ಡವು ಏಳು ಓದೊ. ಮಿಕ್ಕಿದ್ದೂ ಕೆಮ್ತಾ ಅವೆ.”

ಅವಳು ಬಾಗಿಲ ಕಂಬ ಹಿಡಿದು ನಿಂತಳು. ಕೇಳಲಿ ಎಂದುಕೊಂಡಳು. ಇವತ್ತು ಕೇಳಿದರೆ ಹೇಳಿಬಿಡುತ್ತೇನೆ, ಏನಾದರೂ ಆಗಲಿ ಎಂದುಕೊಂಡಳು. ಅವನು ಕೇಳಲಿಲ್ಲ.

“ಊರ್ನೋರು ಸೂಜಿಯಿಂದ ಬಂತು ಅಂತಾವ್ರೆ. ಸೂಜಿ ಅಲ್ಲ ಕಣವ್ವ, ನಂಗ್ ಗೊತ್ತು. ತಪ್ಪು ನಂದೇ. ಈ ಊರಲ್ಲಿ ದ್ಯಾವ್ರ ಟಗರ್ಗೆ ಬಾಗ್ಲಾಕ್ದೋನು ನಾನೊಬ್ನೇ. ಅದು ಬೇಲಿ ತಾವ ನಿಂತು ಕೂಗ್ತಾ ಇತ್ತು, ನಾನು ದೊಣ್ಣೆ ತಕ್ಕಂಡೆ. ಡಾಕ್ಟ್ರ ಮಾತು ಕೇಳಿ ಕೆಟ್ಟೆ.” ಮುದುಕ ಕಣ್ಣೊರೆಸಿಕೊಂಡ. “ನೀನು ಅರಕೆ ಒತ್ತೋಳು. ನನ್ ಪರವಾಗಿ ನಿನ್ ಬಾಯಲ್ಲಿ ಒಂದ್ ಮಾತು ತಪ್ಪಾಯ್ತು ಅಂತ ಅಂದ್ಬುಡು. ನಿನ್ ಮಾತು ಕೇಳ್ತಾಳೆ ಅವ್ಳು.”

ಅನು ಒಳಗಿಂದ ಒಂದು ಚೊಂಬು ನೀರು ತಂದು “ತಗೋ ತಾತ” ಎಂದು ಅವನ ಮುಂದೆ ಹಿಡಿದಳು. ಮಂಟಯ್ಯ ಒಂದು ಕೈಯಲ್ಲಿ ಚೊಂಬು ತೆಗೆದುಕೊಂಡು ಇನ್ನೊಂದು ಕೈಯನ್ನು ಅವಳ ತಲೆಯ ಮೇಲಿಟ್ಟ. ಭಾಗ್ಯಮ್ಮನ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ಒಣಗಿತು.

“ಒಪ್ಕೊ ತಾಯಿ,” ಎಂದಳು ಕೈಮುಗಿದು. ದನಿ ಅವಳದ್ದಾಗಿರಲಿಲ್ಲ. “ಮಂಟಯ್ಯ ಮಾವಂದು ತಪ್ಪಾಯ್ತು.”

ಮುದುಕನಿಗೆ ಅಷ್ಟೇ ಸಾಕಾಗಿತ್ತು. ದೊಡ್ಡದೊಂದು ಉಸಿರು ಬಿಟ್ಟು ಎದ್ದ. “ಬೇಲಿ ಬೆಳಗ್ಗೆನೇ ಕಿತ್ತಾಕ್ಬುಟ್ಟೆ ಕಣವ್ವ. ಸಾಯೋಗಂಟ ಇನ್ಯಾವತ್ತೂ ಬೇಲಿ ಆಕಲ್ಲ. ಯಾರ್ ಕುರಿ ಬೇಕಾದ್ರೂ ಬರ್ಲಿ, ನನ್ವು ಎಲ್ಲಿಗಾದ್ರೂ ಓಗ್ಲಿ,” ಎಂದು ಕಾಲೆಳೆಯುತ್ತಾ ಹೋದ. ಭಾಗ್ಯಮ್ಮ ಅಂಗಳಕ್ಕೆ ಬಂದು ನೋಡಿದಳು. ಅವನ ಉಳಿದ ಕುರಿಗಳು ಮೂಗು ಸೋರಿಸಿಕೊಂಡು, ಕೆಮ್ಮುತ್ತಾ, ಆಚೆ ಊರಿನವರು ಮಂದೆಗೆ ನೀರು ಕುಡಿಸುವ ಕೆರೆಯ ಕಡೆಗೆ ಇಳಿಯುತ್ತಿದ್ದವು.